ಕೀಕ್ಯಾಪ್ ಸೆಟ್ ಆರ್ಡರ್ ಮಾಡೋಕೆ ಮುಂಚೆ ಏನೇನು ನೋಡಬೇಕು? ಕೀಬೋರ್ಡ್ ರಿಪೇರಿ ಮಾಡುವವರಿಗೆ ಕೇಳಿ

ಪ್ರಶ್ನೆ (ಜಯನಗರದಿಂದ): ಸರ್, ನಮಸ್ಕಾರ. ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಶುರುವಾದಾಗ ತಗೊಂಡ ಮೆಕ್ಯಾನಿಕಲ್ ಕೀಬೋರ್ಡ್ ನನ್ನದು. ಕೀಗಳ ಕೆಳಗಿನ ಸ್ವಿಚ್‌ಗಳು ಇನ್ನೂ ಗಟ್ಟಿಮುಟ್ಟಾಗಿವೆ. ಆದರೆ ಎ, ಎಸ್, ಇ ಕೀಗಳು ಎಣ್ಣೆ ಸವರಿದ ಹಾಗೆ ಹೊಳೀತಿವೆ, ಎನ್ ಅಕ್ಷರ ಅರ್ಧ ಅಳಿಸಿಹೋಗಿದೆ. ಕೀಕ್ಯಾಪ್, ಅಂದರೆ ಸ್ವಿಚ್ ಮೇಲೆ ಕೂರೋ ಅಕ್ಷರದ ಮುಚ್ಚಳ, ಅದರ ಸೆಟ್ ಮಾತ್ರ ಬದಲಾಯಿಸೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ಎಬಿಎಸ್, ಪಿಬಿಟಿ, ಚೆರ್ರಿ, ಓಇಎಂ, ಡಬಲ್ ಶಾಟ್ ಅಂತ ಏನೇನೋ ಬರ್ತಿದೆ. ತಿಳಿ ನೀಲಿ ಬಣ್ಣದ್ದೊಂದು ತುಂಬಾ ಇಷ್ಟ ಆಗಿದೆ. ತಗೊಳ್ಳಲಾ?

ಉತ್ತರ: ನಮಸ್ಕಾರ ಸರ್. ಸ್ವಿಚ್ ಚೆನ್ನಾಗಿದ್ದರೆ ಕ್ಯಾಪ್ ಮಾತ್ರ ಬದಲಾಯಿಸೋದು ಒಳ್ಳೆ ನಿರ್ಧಾರ. ಆದರೆ ಬಣ್ಣ ಕೊನೆಗೆ ನೋಡೋಣ. ನನ್ನ ಹತ್ರ ಬರೋರಲ್ಲಿ ಹೆಚ್ಚಿನವರ ತೊಂದರೆ ಬಣ್ಣದ್ದಲ್ಲ, ಪ್ಲಾಸ್ಟಿಕ್‌ದೂ ಅಲ್ಲ. ಸೆಟ್ ಬಂದಮೇಲೆ ಸ್ಪೇಸ್ ಬಾರ್ ಕೂರೋದಿಲ್ಲ, ಬಲಗಡೆ ಶಿಫ್ಟ್ ಉದ್ದ ಆಗುತ್ತೆ. ಅದಕ್ಕೇ ಮೊದಲು ಅಳತೆ.

ಒಂದು ಸ್ಕೇಲ್ ತಗೊಳ್ಳಿ. ಕೀಬೋರ್ಡ್ ಲೋಕದಲ್ಲಿ ಅಳತೆಯ ಘಟಕ ‘ಯು’. ಒಂದು ಅಕ್ಷರದ ಕೀ ನಟ್ಟನಡುವಿನಿಂದ ಪಕ್ಕದ ಕೀ ನಡುವಿನವರೆಗೆ 19.05 ಮಿಲಿಮೀಟರ್, ಅದೇ 1 ಯು. ಕ್ಯಾಪ್‌ಗಳ ನಡುವೆ ಸಂದು ಇರೋದರಿಂದ ಕ್ಯಾಪ್‌ನ ಬುಡ ಸುಮಾರು 18 ಮಿಮೀ ಇರುತ್ತೆ. ಈಗ ಕೆಳಗಿನ ಸಾಲು ಅಳೆಯಿರಿ. ಸ್ಪೇಸ್ ಬಾರ್ ಸುಮಾರು 118 ಮಿಮೀ ಬಂದು, ಅದರ ಎರಡೂ ಪಕ್ಕದ ಕಂಟ್ರೋಲ್, ವಿಂಡೋಸ್, ಆಲ್ಟ್ ಎಲ್ಲ ಸುಮಾರು 23 ಮಿಮೀ ಬಂದರೆ ನಿಮ್ಮದು ಮಾಮೂಲಿ ಲೇಔಟ್: 6.25 ಯು ಸ್ಪೇಸ್ ಬಾರ್, 1.25 ಯು ಪಕ್ಕದ ಕೀಗಳು. ಅಂಗಡಿಯಲ್ಲಿ ಸಿಗೋ ಯಾವ ಸೆಟ್ ಆದರೂ ಬಹುಪಾಲು ಹೊಂದುತ್ತೆ. ಸ್ಪೇಸ್ ಬಾರ್ 113, 123 ಅಥವಾ 132 ಮಿಮೀ ಬಂತೋ, ಅದು 6, 6.5 ಅಥವಾ 7 ಯು. ಹಳೇ ಗೇಮಿಂಗ್ ಕೀಬೋರ್ಡ್‌ಗಳಲ್ಲಿ ಇಂಥದ್ದು ಜಾಸ್ತಿ. ಆ ಅಳತೆಯ ಸ್ಪೇಸ್ ಬಾರ್ ಸೆಟ್‌ನಲ್ಲಿ ಇದೆ ಅಂತ ಕಣ್ಣಾರೆ ನೋಡೋವರೆಗೂ ದುಡ್ಡು ಕೊಡಬೇಡಿ.

ನಂಬರ್ ಪ್ಯಾಡ್ ಇಲ್ಲದ ಪುಟ್ಟ ಕೀಬೋರ್ಡ್ ಆದರೆ ಬಲಗಡೆ ಶಿಫ್ಟ್ ಕೂಡ ಅಳೆಯಿರಿ. ದೊಡ್ಡ ಕೀಬೋರ್ಡ್‌ನಲ್ಲಿ ಅದು 2.75 ಯು, ಅಂದರೆ 51 ಮಿಮೀ ಹತ್ತಿರ. ಶೇಕಡ 65 ಅಂತ ಕರೆಯೋ ಪುಟ್ಟ ಸೈಜಿನದರಲ್ಲಿ ಸಾಮಾನ್ಯವಾಗಿ 1.75 ಯು, 32 ಮಿಮೀ. ಸ್ಪೇಸ್ ಬಾರ್ ಬಲಕ್ಕಿರೋ ಕೀಗಳೂ ಅಲ್ಲಿ ಬರೀ 1 ಯು ಆಗಿರಬಹುದು. ‘104 ಕೀ ಸೆಟ್’ ಅಂತ ಬರೆದದ್ದು ಇಂಥ ಕೀಬೋರ್ಡ್‌ಗೆ ಸಾಲೋದಿಲ್ಲ. 130, 140 ಕ್ಯಾಪ್ ಇರೋ ಸೆಟ್ ಬೇಕಾಗುತ್ತೆ, ಹೆಚ್ಚುವರಿ ಅಂತ ಕೊಡೋದು ಈ ಚಿಕ್ಕ ಶಿಫ್ಟ್, ಚಿಕ್ಕ ಆಲ್ಟ್‌ಗಳನ್ನೇ. ಹಾಗಂತ ಸಂಖ್ಯೆ ನೋಡಿ ನಂಬಬೇಡಿ, ಸೆಟ್‌ನ ಎಲ್ಲಾ ಕ್ಯಾಪ್ ಹರಡಿಟ್ಟ ಚಿತ್ರ ಹಾಕಿರ್ತಾರಲ್ಲ, ಅದರಲ್ಲಿ ನಿಮ್ಮ ಒಂದೊಂದು ಕೀಯನ್ನೂ ಹುಡುಕಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಹೋಗಿ ತಗೊಳ್ಳೋರಾದರೆ ಹಳೇ ಸ್ಪೇಸ್ ಬಾರ್, ಎರಡು ಶಿಫ್ಟ್, ಒಂದು ಆಲ್ಟ್ ಕಿತ್ತು ಜೇಬಲ್ಲಿಟ್ಟುಕೊಂಡು ಹೋಗಿ. ಹೊಸದರ ಪಕ್ಕ ಮಗುಚಿ ಇಟ್ಟು ನೋಡಿದರೆ ಉದ್ದ, ಸ್ವಿಚ್‌ಗೆ ಸಿಕ್ಕಿಕೊಳ್ಳೋ ಒಳಗಿನ ಕಾಂಡಗಳ ಜಾಗ ಎರಡೂ ತಾಳೆ ಆಗುತ್ತೋ ಇಲ್ವೋ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ (ಅದೇ ಜಯನಗರದವರು): ಅಳೆದೆ ಸರ್. ಸ್ಪೇಸ್ ಬಾರ್ 118, ಪಕ್ಕದವು 23. ಮಾಮೂಲಿ ಲೇಔಟೇ. ಈಗ ಪ್ಲಾಸ್ಟಿಕ್ ಹೇಳಿ.

ಉತ್ತರ: ಸಂತೋಷ, ಅರ್ಧ ಕೆಲಸ ಮುಗೀತು.

ನಿಮ್ಮ ಈಗಿನ ಕ್ಯಾಪ್ ಎಬಿಎಸ್ ಅನ್ನೋ ಪ್ಲಾಸ್ಟಿಕ್‌ನದು. ಕೀಬೋರ್ಡ್ ಜೊತೆಗೇ ಬರೋದು ಬಹುತೇಕ ಅದೇ. ನೀವು ಹೇಳಿದ ಹೊಳಪು ಕೊಳೆಯಲ್ಲ. ಹೊಸ ಕ್ಯಾಪ್ ಮೇಲೆ ಕೈಯಾಡಿಸಿದರೆ ಸಣ್ಣ ತರಿ ಸಿಗುತ್ತಲ್ಲ, ಬೆರಳು ಉಜ್ಜಿ ಉಜ್ಜಿ ಆ ತರಿ ಸವೆದು ಮೇಲ್ಮೈ ನುಣುಪಾಗುತ್ತೆ, ಚರ್ಮದ ಎಣ್ಣೆ ಸೇರಿ ಇನ್ನಷ್ಟು ಮಿಂಚುತ್ತೆ. ಸ್ಪೇಸ್ ಬಾರ್ ತೆಗೆದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಿಮ್ಮ ಹೆಬ್ಬೆರಳು ಬೀಳೋ ಜಾಗ ಮಾತ್ರ ಒಂದು ಅಂಡಾಕಾರದಲ್ಲಿ ಹೊಳೀತಿರುತ್ತೆ, ಉಳಿದ ಕಡೆ ಹೊಸದರ ಹಾಗೇ ಇರುತ್ತೆ. ತೊಳೆದರೆ ಇದು ಹೋಗೋದಿಲ್ಲ.

ಪಿಬಿಟಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಇದಕ್ಕಿಂತ ಗಡುಸು, ಸವೆಯೋದು ನಿಧಾನ. ದಿನಾ ಎಂಟು ಗಂಟೆ ಟೈಪ್ ಮಾಡೋರಿಗೆ ನಾನು ಹೇಳೋದು ಪಿಬಿಟಿಯನ್ನೇ. ಅದಕ್ಕೊಂದು ದೋಷ ಇದೆ: ಅಚ್ಚಿನಿಂದ ಹೊರಬಂದು ತಣ್ಣಗಾಗುವಾಗ ಎಬಿಎಸ್‌ಗಿಂತ ಹೆಚ್ಚು ಕುಗ್ಗುತ್ತೆ. ಚಿಕ್ಕ ಕೀಗಳಲ್ಲಿ ಗೊತ್ತಾಗಲ್ಲ, ಸ್ಪೇಸ್ ಬಾರ್‌ನಂಥ ಉದ್ದದ್ದು ಬಾಗುತ್ತೆ. ಪೊಟ್ಟಣ ಬಿಚ್ಚಿದ ಕೂಡಲೇ ಸ್ಪೇಸ್ ಬಾರ್ ಒಂದನ್ನ ಗಾಜಿನ ಮೇಲೆ ಇಟ್ಟು ತುದಿ ಒತ್ತಿ ನೋಡಿ. ಅಲುಗಾಡಿದರೆ ಬಾಗಿದೆ ಅಂತ. ವಾಪಸ್ ಕಳಿಸಿ. ಬಾಗಿದ್ದನ್ನೇ ಹಾಕಿಕೊಂಡರೆ ಒಂದು ತುದಿ ಒತ್ತಿದಾಗ ಮಾತ್ರ ಸಲೀಸಾಗಿ ಇಳಿಯುತ್ತೆ, ಇನ್ನೊಂದು ತುದಿ ಸಿಕ್ಕಿಕೊಳ್ಳುತ್ತೆ.

ಎಬಿಎಸ್ ಅಂದರೆ ಕಳಪೆ ಅಂತ ಮಾತ್ರ ತಿಳಿಯಬೇಡಿ. ಕೀಬೋರ್ಡ್ ಮಾಡೋ ಚೆರ್ರಿ ಕಂಪನಿಯ ಹಳೇ ಅಚ್ಚುಗಳನ್ನ ತಗೊಂಡ ಜರ್ಮನಿಯ ಜಿಎಂಕೆ ಕಂಪನಿ ದುಬಾರಿ ಸೆಟ್‌ಗಳನ್ನ ದಪ್ಪ ಎಬಿಎಸ್‌ನಲ್ಲೇ ಮಾಡುತ್ತೆ, ಬಣ್ಣ ಅದರಲ್ಲಿ ಅಷ್ಟು ಕಳೆಗಟ್ಟುತ್ತೆ. ಅವೂ ಹೊಳಪಾಗುತ್ತವೆ, ತಗೊಳ್ಳೋರು ಅದು ಗೊತ್ತಿದ್ದೇ ತಗೊಳ್ತಾರೆ.

ಇನ್ನು ಅಕ್ಷರ. ನಿಮ್ಮ ಎನ್ ಅಳಿಸಿರೋದು ಅಕ್ಷರ ಮೇಲ್ಮೈ ಮೇಲಷ್ಟೇ ಇದ್ದದ್ದಕ್ಕೆ. ಅಳಿಸದೇ ಇರೋವು ಎರಡು ಬಗೆ. ಡಬಲ್ ಶಾಟ್‌ನಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್, ಎರಡನ್ನೂ ಸೇರಿಸಿ ಅಚ್ಚು ಹಾಕಿರ್ತಾರೆ. ಕ್ಯಾಪ್ ಮಗುಚಿ ನೋಡಿದರೆ ಒಳಗಡೆ ಎರಡನೇ ಬಣ್ಣ ಕಾಣುತ್ತೆ. ಡೈ-ಸಬ್‌ನಲ್ಲಿ ಶಾಖ ಕೊಟ್ಟು ಬಣ್ಣವನ್ನ ಪ್ಲಾಸ್ಟಿಕ್ ಒಳಕ್ಕೆ ಇಳಿಸ್ತಾರೆ. ಅಷ್ಟು ಶಾಖ ಎಬಿಎಸ್ ತಡೆಯೋದಿಲ್ಲ, ಹಾಗಾಗಿ ಡೈ-ಸಬ್ ಅಂದರೆ ಹೆಚ್ಚುಕಮ್ಮಿ ಪಿಬಿಟಿಯೇ. ನಿಮ್ಮ ತಿಳಿ ನೀಲಿಗೆ ಕಡು ಬಣ್ಣದ ಅಕ್ಷರ ಇದ್ದರೆ ಡೈ-ಸಬ್ ಪಿಬಿಟಿ ಧಾರಾಳವಾಗಿ ತಗೊಳ್ಳಿ.

ಪ್ರಶ್ನೆ (ಬಿಟಿಎಂ ಲೇಔಟ್‌ನಿಂದ): ಅಣ್ಣಾ, ನನ್ನ ಕೀಬೋರ್ಡ್‌ನಲ್ಲಿ ಬಣ್ಣಬಣ್ಣದ ಆರ್‌ಜಿಬಿ ಲೈಟ್ ಇದೆ. ರಾತ್ರಿ ಪಿಜಿಯಲ್ಲಿ ರೂಮ್ ಲೈಟ್ ಆರಿಸಿ ಕೆಲಸ ಮಾಡ್ತೀನಿ, ಅಕ್ಷರ ಹೊಳೀಬೇಕು. ಚೆರ್ರಿ ಪ್ರೊಫೈಲ್ (ಕ್ಯಾಪ್‌ನ ಎತ್ತರ, ಆಕಾರ) ತಗೊಂಡರೆ ನಡೆಯುತ್ತಾ? ರೂಮ್‌ಮೇಟ್ ಮಲಗಿರ್ತಾನೆ, ಸದ್ದೂ ಕಮ್ಮಿ ಆಗಬೇಕು.

ಉತ್ತರ: ತಮ್ಮಾ, ಒಂದು ಕ್ಯಾಪ್ ಕಿತ್ತು ಎಲ್‌ಇಡಿ ಯಾವ ಕಡೆ ಇದೆ ನೋಡು. ಮಾನಿಟರ್ ಕಡೆ ಇದೆಯೋ, ನಿನ್ನ ಹೊಟ್ಟೆ ಕಡೆ ಇದೆಯೋ? ಎಲ್ಲಾ ಅದರ ಮೇಲೆ ನಿಂತಿದೆ.

ಮಾನಿಟರ್ ಕಡೆ ಇದ್ದರೆ ಬೆಳಕು ಕ್ಯಾಪ್‌ನ ಮೇಲ್ಭಾಗಕ್ಕೆ ಬೀಳುತ್ತೆ. ಅಕ್ಷರ ಅಲ್ಲೇ ಇರೋ, ಬೆಳಕು ಹಾಯೋ ಡಬಲ್ ಶಾಟ್ ತಗೋ. ಆದರೆ ಈ ಜೋಡಣೆಯಲ್ಲಿ ಚೆರ್ರಿ ಪ್ರೊಫೈಲ್ ತೊಂದರೆ ಕೊಡುತ್ತೆ. ಅದು ಓಇಎಂ ಪ್ರೊಫೈಲ್‌ಗಿಂತ ಕುಳ್ಳು. ಎ, ಎಸ್, ಡಿ ಇರೋ ಸಾಲಿನಲ್ಲಿ ಪೂರ್ತಿ ಒತ್ತಿದಾಗ ಕ್ಯಾಪ್‌ನ ಒಳಗೋಡೆ ಸ್ವಿಚ್‌ನ ಮೇಲ್ಕವಚಕ್ಕೆ ತಾಗಿ ಮೊಂಡು ಸದ್ದು ಬರಬಹುದು. ಒತ್ತಿದಾಗ ಇಳಿಯೋ ಕಾಂಡ ಉದ್ದ ಇದ್ದು ಬೇಗ ತಳ ಮುಟ್ಟೋ ಸ್ವಿಚ್ ಆದರೆ ತಾಗೋದಿಲ್ಲ. ಯಾವ ಸ್ವಿಚ್ ಅಂತ ಗೊತ್ತಿಲ್ಲದಿದ್ದರೆ ಓಇಎಂ ಪ್ರೊಫೈಲೇ ತಗೋ, ನಿಶ್ಚಿಂತೆ.

ಎಲ್‌ಇಡಿ ನಿನ್ನ ಕಡೆ ಇದ್ದರೆ ಚೆರ್ರಿ ಪ್ರೊಫೈಲ್ ಆರಾಮಾಗಿ ಕೂರುತ್ತೆ, ಆದರೆ ಮೇಲಿನ ಅಕ್ಷರಕ್ಕೆ ಬೆಳಕು ಸಾಲದು. ಅದಕ್ಕೆಂದೇ ಅಕ್ಷರವನ್ನ ಕ್ಯಾಪ್‌ನ ಮುಂಗೋಡೆ ಮೇಲೆ ಹಾಕಿರೋ ಸೆಟ್ ಬರುತ್ತೆ. ಕುರ್ಚಿಗೆ ಒರಗಿ ಕೂತಾಗ ಅದು ಚೆನ್ನಾಗಿ ಕಾಣುತ್ತೆ. ಡೈ-ಸಬ್ ಮಾತ್ರ ನಿನಗೆ ಬೇಡ, ಅದರ ಅಕ್ಷರದಿಂದ ಬೆಳಕು ಹಾಯೋದಿಲ್ಲ.

ಸದ್ದಿನ ವಿಷಯ: ಟಕ್ ಟಕ್ ಅನ್ನೋ ನೀಲಿ ಸ್ವಿಚ್ ಇದ್ದರೆ ಯಾವ ಕ್ಯಾಪ್ ಹಾಕಿದರೂ ರೂಮ್‌ಮೇಟ್ ಏಳ್ತಾನೆ. ಆ ಸದ್ದು ಸ್ವಿಚ್ ಒಳಗಿನದು. ಬೇರೆ ಸ್ವಿಚ್ ಆದರೆ ಗೋಡೆ 1.5 ಮಿಮೀ ದಪ್ಪ ಇರೋ ಕ್ಯಾಪ್ ಹಾಕಿದಾಗ ಕೀಚಲು ಹೋಗಿ ದನಿ ಗಡಸಾಗುತ್ತೆ, ಅಷ್ಟೇ. ನಿದ್ದೆ ಕೆಡಬಾರದು ಅಂದರೆ ಖರ್ಚು ಮಾಡಬೇಕಾದ್ದು ಸೈಲೆಂಟ್ ಸ್ವಿಚ್ ಮೇಲೆ.

ಪ್ರಶ್ನೆ (ಚಾಮರಾಜಪೇಟೆಯಿಂದ): ಸರ್, ನಾನು ಡಿಟಿಪಿ ಕೆಲಸ ಮಾಡ್ತೀನಿ, ದಿನವಿಡೀ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪಿಂಗ್. ನನಗೆ ನೋಡದೇ ಬರುತ್ತೆ, ಹೊಸದಾಗಿ ಸೇರಿರೋ ಹುಡುಗಿಗೆ ಬರಲ್ಲ. ಕನ್ನಡ ಅಕ್ಷರದ ಕೀಕ್ಯಾಪ್ ಮಾಡಿಸೋಕೆ ಆಗುತ್ತಾ? ಸ್ಟಿಕರ್ ಅಂಟಿಸಿದ್ದೆ, ಅಂಚು ಎದ್ದು ಅಂಟು ಬೆರಳಿಗೆ ಹತ್ತುತ್ತೆ.

ಉತ್ತರ: ಖಂಡಿತ ಆಗುತ್ತೆ ಮೇಡಂ. ಇಂಥ ಪ್ರಶ್ನೆ ಇನ್ನೂ ಹೆಚ್ಚು ಬರಬೇಕು ಅನ್ನೋ ಆಸೆ ನನ್ನದು, ಬಿಡಿಸಿಯೇ ಹೇಳ್ತೀನಿ.

ಡೈ-ಸಬ್ ಮಾಡಿಸಿ. ಡಬಲ್ ಶಾಟ್‌ಗೆ ಪ್ರತಿ ಅಕ್ಷರಕ್ಕೂ ಲೋಹದ ಅಚ್ಚು ಬೇಕು, ಒಂದೆರಡು ಸೆಟ್‌ಗೆ ಯಾರೂ ಮಾಡಲ್ಲ. ಡೈ-ಸಬ್‌ನಲ್ಲಿ ಫೈಲ್ ಕೊಟ್ಟರೆ ಯಾವ ಲಿಪಿಯಾದರೂ ಒಂದೇ. ತಿಳಿ ಬಣ್ಣದ ಪಿಬಿಟಿ ಕ್ಯಾಪ್, ಕಪ್ಪು ಅಕ್ಷರ. ಕಡು ಕ್ಯಾಪ್ ಮೇಲೆ ಬಿಳಿ ಅಕ್ಷರ ಈ ವಿಧಾನದಲ್ಲಿ ನೇರವಾಗಿ ಬರೋದಿಲ್ಲ.

ಲೇಔಟ್ ಯಾವುದು ಅಂತ ಮುದ್ರಿಸೋರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ‘ಕನ್ನಡ ಕೀಬೋರ್ಡ್’ ಅಂತ ಹುಡುಕಿದರೆ ಇನ್‌ಸ್ಕ್ರಿಪ್ಟ್ ಅನ್ನೋ ಬೇರೆ ಲೇಔಟ್‌ನ ಚಿತ್ರ ಕೂಡ ಸಿಗುತ್ತೆ, ಅದನ್ನೇ ಹಾಕಿಬಿಡ್ತಾರೆ. ನುಡಿಯಲ್ಲಿರೋದು ಕೆ. ಪಿ. ರಾಯರ ವಿನ್ಯಾಸ. ಅದರಲ್ಲಿ ಟಿ ಒತ್ತಿದರೆ ತ, ಇನ್‌ಸ್ಕ್ರಿಪ್ಟ್‌ನಲ್ಲಿ ತ ಇರೋದು ಎಲ್ ಕೀಯಲ್ಲಿ. ನುಡಿಯಲ್ಲಿ ಅರ್ಧಾಕ್ಷರಕ್ಕೆ ಎಫ್, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ. ಕ ಮಾತ್ರ ಎರಡರಲ್ಲೂ ಕೆ ಮೇಲೇ ಇದೆ, ಅದೊಂದನ್ನ ನೋಡಿ ಸರಿಯಿದೆ ಅಂದುಕೊಂಡರೆ ಕೆಲಸ ಕೆಡುತ್ತೆ. ಪ್ರೂಫ್ ಬಂದಾಗ ಟಿ, ಎಲ್, ಡಿ, ಎಫ್ ಈ ನಾಲ್ಕನ್ನ ನೋಡಿ.

ಒಂದು ಕ್ಯಾಪ್ ಮೇಲೆ ಇಂಗ್ಲಿಷ್ ಅಕ್ಷರ, ಶಿಫ್ಟ್ ಇಲ್ಲದ ಕನ್ನಡ ಅಕ್ಷರ, ಶಿಫ್ಟ್ ಒತ್ತಿದಾಗಿನ ಅಕ್ಷರ ಮೂರೂ ಕೂರಬೇಕು. ನುಡಿಯ ಡಿ ಕೀಯಲ್ಲಿ ದ ಮತ್ತು ಧ, ಡಬ್ಲ್ಯೂನಲ್ಲಿ ಡ ಮತ್ತು ಢ. ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಅಕ್ಷರ ತೀರಾ ಚಿಕ್ಕದಾದರೆ ಬಣ್ಣ ಹರಡಿಕೊಂಡು ಆ ಗೀಟು ಮುಚ್ಚಿಹೋಗುತ್ತೆ, ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಕನ್ನಡ ಅಕ್ಷರ 4 ಮಿಮೀ ಎತ್ತರಕ್ಕೆ ಕಮ್ಮಿ ಬೇಡ, ಬೇಕಿದ್ದರೆ ಇಂಗ್ಲಿಷನ್ನ ಮೂಲೆಗೆ ಚಿಕ್ಕದಾಗಿ ಸರಿಸಿ. ದಪ್ಪ ಫಾಂಟ್ ಹಾಕಬೇಡಿ, ಒಳಗಿನ ಬಿಳಿ ಜಾಗ ತೆರೆದಿರೋ ಫಾಂಟ್ ಆರಿಸಿ. ಫೈಲ್ ಕಳಿಸುವಾಗ ಕರ್ವ್ಸ್ ಮಾಡಿಯೇ, ಅಂದರೆ ಅಕ್ಷರಗಳನ್ನ ಗೆರೆಚಿತ್ರವಾಗಿ ಬದಲಿಸಿಯೇ ಕಳಿಸಿ, ಅದು ನಿಮಗೆ ನಾನು ಹೇಳಬೇಕಾದ್ದಿಲ್ಲ. ಅವರ ಮಷೀನ್‌ನಲ್ಲಿ ಫಾಂಟ್ ಇಲ್ಲದಿದ್ದರೆ ಕೊಂಬು, ಇಳಿ ಎಲ್ಲಾ ಅಕ್ಷರ ಬಿಟ್ಟು ಬೇರೆಲ್ಲೋ ಕೂತಿರುತ್ತೆ. ಒಮ್ಮೆ 18 ಮಿಮೀ ಚೌಕದೊಳಗೆ ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದು, ಆ ಹುಡುಗಿ ಕೂರೋ ದೂರದಿಂದಲೇ ಓದಿಸಿ ನೋಡಿ.

ಎಫ್ ಮತ್ತು ಜೆ ಕ್ಯಾಪ್ ಮೇಲೆ ಸಣ್ಣ ಗೆರೆ ಉಬ್ಬಿರಬೇಕು. ಖಾಲಿ ಕ್ಯಾಪ್ ತಗೊಂಡು ಮುದ್ರಿಸೋರು ಇದನ್ನ ಮರೀತಾರೆ. ಆ ಗೆರೆ ಇಲ್ಲದಿದ್ದರೆ ನೋಡದೇ ಟೈಪ್ ಮಾಡೋ ನಿಮಗೇ ಮೊದಲು ತೊಂದರೆ.

ಪ್ರಶ್ನೆ (ಮಲ್ಲೇಶ್ವರದಿಂದ): ತೆಳ್ಳಗಿರೋ ಲೋ ಪ್ರೊಫೈಲ್ ಕೀಬೋರ್ಡ್‌ಗೂ ಇವೇ ಸೆಟ್ ಹೊಂದುತ್ತವಾ?

ಉತ್ತರ: ಬಹುಮಟ್ಟಿಗೆ ಇಲ್ಲ. ಕ್ಯಾಪ್ ಕಿತ್ತು ಸ್ವಿಚ್ ನೋಡಿ. ಕೂಡಿಸುವ ಚಿಹ್ನೆಯ ಹಾಗಿರೋ ಕಾಂಡ ಎದ್ದಿದ್ದರೆ ಅದು ಚೆರ್ರಿ ಎಂಎಕ್ಸ್ ಮಾದರಿ, ಸಿಗೋ ಸೆಟ್‌ಗಳೆಲ್ಲ ಬಹುಪಾಲು ಇದಕ್ಕೇ. ಎರಡು ಪುಟ್ಟ ತೂತು ಇದ್ದರೆ ಅದು ಚಾಕ್ ಮಾದರಿ, ಅದರ ಕ್ಯಾಪ್‌ಗಳೇ ಬೇರೆ. ತೆಳ್ಳಗಿನ ಕೀಬೋರ್ಡ್‌ನಲ್ಲಿ ಎಂಎಕ್ಸ್ ಕಾಂಡ ಇದ್ದರೂ ಮಾಮೂಲಿ ಕ್ಯಾಪ್‌ನ ಅಂಚು ಕೆಳಗಿನ ತಟ್ಟೆಗೆ ತಾಗಿ ಪೂರ್ತಿ ಇಳಿಯದೇ ಇರಬಹುದು. ಲೋ ಪ್ರೊಫೈಲ್‌ಗೆ ಅಂತಲೇ ಮಾಡಿದ್ದನ್ನ ತಗೊಳ್ಳಿ.

ಪ್ರಶ್ನೆ (ಜಯನಗರದವರೇ ಮತ್ತೆ): ಸರ್, ಸೆಟ್ ಬಂತು, ಸ್ಪೇಸ್ ಬಾರ್ ಅಲುಗಾಡ್ತಿಲ್ಲ. ಹಳೇದನ್ನ ಕೀಳೋದು ಹೇಗೆ? ಜೊತೆಗೆ ಪ್ಲಾಸ್ಟಿಕ್ ಉಂಗುರದಂಥ ಪುಲ್ಲರ್ ಕೊಟ್ಟಿದ್ದಾರೆ.

ಉತ್ತರ: ಅದನ್ನ ಬಿಡಿ, ಕ್ಯಾಪ್‌ನ ಪಕ್ಕಗಳನ್ನ ಗೀಚುತ್ತೆ. ತಂತಿಯ ಪುಲ್ಲರ್ ತಗೊಳ್ಳಿ. ಕೀಬೋರ್ಡ್‌ನ ವೈರ್ ತೆಗೆದು, ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಂತಿಯನ್ನ ಎದುರುಬದುರಿನ ಎರಡು ಮೂಲೆಗೆ ಸಿಕ್ಕಿಸಿ ನೇರ ಮೇಲಕ್ಕೆ ಎತ್ತಿ, ವಾಲಿಸಬೇಡಿ. ಸ್ಪೇಸ್ ಬಾರ್, ಶಿಫ್ಟ್, ಎಂಟರ್ ಕೆಳಗೆ ಉದ್ದದ ಕೀ ಸಮವಾಗಿ ಇಳಿಯೋ ಹಾಗೆ ಮಾಡೋ ಸ್ಟೆಬಿಲೈಸರ್ ತಂತಿ ಇರುತ್ತೆ. ಅವನ್ನ ಒಂದು ತುದಿಯಿಂದ ಜಗ್ಗದೇ, ಎಡ ಸ್ವಲ್ಪ, ಬಲ ಸ್ವಲ್ಪ ಅಂತ ಎರಡೂ ಕಡೆ ಸಮವಾಗಿ ಎಬ್ಬಿಸಿ.

ಹಾಕುವಾಗ ಸಾಲು ತಪ್ಪಬೇಡಿ. ಓಇಎಂ, ಚೆರ್ರಿ ಎರಡರಲ್ಲೂ ಒಂದೊಂದು ಸಾಲಿನ ಇಳಿಜಾರು ಒಂದೊಂದು ಥರ. ಎಲ್ಲಾ ಸಾಲೂ ಒಂದೇ ಆಕಾರ ಇರೋದು ಡಿಎಸ್‌ಎ, ಎಕ್ಸ್‌ಡಿಎಯಂಥ ಪ್ರೊಫೈಲ್‌ಗಳಲ್ಲಿ. ಹೊಸ ಕ್ಯಾಪ್ ಬಿಗಿ ಅನ್ನಿಸಿದರೆ ಕಾಂಡದ ಮೇಲೆ ನೇರ ಇಟ್ಟು ಹೆಬ್ಬೆರಳಿಂದ ನಿಧಾನ ಒತ್ತಿ, ಗುದ್ದಬೇಡಿ.

ಹಳೇ ಕ್ಯಾಪ್ ಎಸೀಬೇಡಿ. ಪಾತ್ರೆ ತೊಳೆಯೋ ಸೋಪು ಹಾಕಿದ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿ. ನೇಲ್ ಪಾಲಿಶ್ ರಿಮೂವರ್ ಮಾತ್ರ ತಾಗಿಸಬೇಡಿ, ಅದರಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಕರಗುತ್ತೆ. ಕಾಂಡದ ತೂತಿನಲ್ಲಿ ನೀರು ನಿಲ್ಲುತ್ತೆ, ಒಂದೊಂದನ್ನೂ ಒದರಿ, ಬಾಯಿ ಕೆಳಗೆ ಮಾಡಿ ಬಟ್ಟೆ ಮೇಲೆ ಹರಡಿ. ಈಗಿನ ಮಳೆಗೆ ಒಂದು ರಾತ್ರಿ ಸಾಲದು, ಇನ್ನೊಂದು ದಿನ ಬಿಟ್ಟು ಡಬ್ಬಿಗೆ ಹಾಕಿ. ಮುಂದೆ ಯಾವುದಾದರೂ ಕ್ಯಾಪ್ ಕಾಂಡ ಸೀಳಿದರೆ ಅದೇ ಸಾಲಿನದನ್ನ ಹುಡುಕಿ ಹಾಕಿಕೊಳ್ಳಬಹುದು.