ಕರೆಂಟ್ ಲೈನ್ ಹತ್ತಿರ ಮೆಟಲ್ ಡಿಟೆಕ್ಟರ್ ಒದರುತ್ತದೆ: ಸೆನ್ಸಿಟಿವಿಟಿ ಇಳಿಸಬೇಕಾ?

ಹುಡುಕಾಟ:
ಎಲ್ಲರಿಗೂ ನಮಸ್ಕಾರ. ನನ್ನದು ಮಲ್ಟಿ ಫ್ರೀಕ್ವೆನ್ಸಿ (ಒಟ್ಟಿಗೆ ಹಲವು ಫ್ರೀಕ್ವೆನ್ಸಿಯಲ್ಲಿ ಓಡುವ) ಡಿಟೆಕ್ಟರ್, ನೆಲದ ಮೇಲೆ ಆಡಿಸುವ ಕಾಯಿಲ್ 11 ಇಂಚಿನದು, ಡಬಲ್ ಡಿ (ಒಳಗೆ D ಆಕಾರದ ಎರಡು ಸುರುಳಿ). ಬಯಲಲ್ಲಿ ಸೆನ್ಸಿಟಿವಿಟಿ ಪೂರ್ತಿ ಏರಿಸಿದರೂ ತೆಪ್ಪಗಿರುತ್ತದೆ. ಅದೇ ಮೆಷಿನ್ ಮನೆಗಳ ಪಕ್ಕದ ಮೈದಾನಕ್ಕೆ ತಂದರೆ ಸುಮ್ನೆ ಹಿಡಿದು ನಿಂತರೂ ಒದರುತ್ತದೆ, ಸ್ಕ್ರೀನ್ ಮೇಲೆ ನಂಬರ್‌ಗಳು ಎಲ್ಲೆಲ್ಲಿಗೋ ಹಾರುತ್ತವೆ. ಸೆನ್ಸಿಟಿವಿಟಿ ಇಳಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಆಳದಲ್ಲಿರುವ ನಾಣ್ಯ ಕೈತಪ್ಪಿ ಹೋಗುತ್ತದಲ್ಲಾ ಅಂತ ಮನಸ್ಸು ಒಪ್ಪುತ್ತಿಲ್ಲ. ಇಳಿಸಬೇಕಾ, ಇಲ್ಲಾ ಸದ್ದು ಸಹಿಸಿಕೊಂಡೇ ಹುಡುಕಬೇಕಾ? ಮತ್ತೆ ಇದು ಮಣ್ಣಿನ ಖನಿಜದ ಗಲಾಟೆಯೋ, ಕರೆಂಟಿನ ಗಲಾಟೆಯೋ ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು?

ನೆಲದ ನಂಟು:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕಾಯಿಲ್ ಅಲ್ಲಾಡಿಸದೆ ಸೊಂಟದ ಎತ್ತರಕ್ಕೆ ಎತ್ತಿ ಹಿಡಿಯಿರಿ. ಆಗಲೂ ಸದ್ದು ಬರುತ್ತಿದ್ದರೆ ಅದು ಮಣ್ಣಿನದ್ದಲ್ಲ, ಯಾಕಂದರೆ ಮಣ್ಣಿನ ಸದ್ದು ಬರಬೇಕಾದರೆ ಕಾಯಿಲ್ ನೆಲದ ಹತ್ತಿರ ಓಡಾಡುತ್ತಿರಬೇಕು. ಈಗ ಕಾಯಿಲನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ನೀವು ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಜಾಸ್ತಿ, ಅಲ್ಲಿಂದ ಕಾಲು ಸುತ್ತು ತಿರುಗಿದರೆ ಕಮ್ಮಿ ಆಯಿತು ಅಂದರೆ ಹೊರಗಿನ ಕರೆಂಟೇ ಕಾರಣ. ಕಾಯಿಲ್ ಅಂದರೆ ಒಂದು ಆಂಟೆನಾ ತಾನೇ, ನಾಣ್ಯದ ಸಿಗ್ನಲ್ ಜೊತೆ ಸುತ್ತಲಿನ ಕಸವನ್ನೂ ಹಿಡಿಯುತ್ತದೆ.

ಇನ್ನೊಂದು ನೋಡಿ. ಕಾಯಿಲ್ ವೈರ್ ಪೈಪಿಗೆ ಸಡಿಲವಾಗಿ ಸುತ್ತಿದ್ದರೆ ಅಥವಾ ಕನೆಕ್ಟರ್ ಅಲುಗಾಡುತ್ತಿದ್ದರೆ ಥೇಟ್ ಇದೇ ಥರ ಸದ್ದು ಬರುತ್ತದೆ. ಅದನ್ನು ಬಿಗಿ ಮಾಡಿ, ಆಮೇಲೆ ಬೇರೆಯದನ್ನು ದೂರಿ.

ಸರ್ಕ್ಯೂಟ್ ಪ್ರಿಯ:
ಸರ್, ಧೈರ್ಯವಾಗಿ ಇಳಿಸಿ. ನೀವು ಅಂದುಕೊಂಡಷ್ಟು ಆಳ ಕಳೆದುಹೋಗುವುದಿಲ್ಲ. ಲೆಕ್ಕ ಹೇಳುತ್ತೇನೆ.

ಕಾಯಿಲಿನಿಂದ ದೂರ ಹೋದಂತೆ ಅದರ ಕಾಂತಕ್ಷೇತ್ರ ಬಲು ಬೇಗ ಸೊರಗುತ್ತದೆ: ದೂರ ಎರಡು ಪಟ್ಟಾದರೆ ಬಲ 8ರಲ್ಲಿ ಒಂದು ಪಾಲು. ನಾಣ್ಯದಿಂದ ವಾಪಸ್ ಬರುವಾಗ ಮತ್ತೆ 8ರಲ್ಲಿ ಒಂದು. ಅಂದರೆ ಆಳ ಎರಡು ಪಟ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲಾಗುತ್ತದೆ. ಕಾಯಿಲ್ ಅಗಲಕ್ಕಿಂತ ಕಮ್ಮಿ ಆಳದಲ್ಲಿ ಇಳಿಕೆ ಇಷ್ಟು ಕಡಿದಾಗಿರುವುದಿಲ್ಲ, ಆದರೂ ಜೋರಾಗಿಯೇ ಇರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಿಮ್ಮ ಕಾಯಿಲಿಗೆ 25 ಸೆಂಟಿಮೀಟರ್‌ನಲ್ಲಿ ಸಿಗುತ್ತಿದ್ದ ನಾಣ್ಯ, ಗದ್ದಲ ಎರಡು ಪಟ್ಟಾದಾಗ 21-22ರ ಆಸುಪಾಸಿನಲ್ಲಿ ಸಿಗುತ್ತದೆ. ಗದ್ದಲ ಹತ್ತು ಪಟ್ಟಾದರೆ ಮಾತ್ರ 15ರ ಹತ್ತಿರಕ್ಕೆ ಕುಸಿಯುತ್ತದೆ. ಅಂದಾಜು ಲೆಕ್ಕ ಇದು, ಮಣ್ಣು ಕೆಟ್ಟದಿದ್ದರೆ ಇನ್ನೂ ಕಮ್ಮಿ.

ಎಷ್ಟೋ ಮೆಷಿನ್‌ಗಳಲ್ಲಿ ಸೆನ್ಸಿಟಿವಿಟಿ ಏರಿಸಿದರೆ ನಾಣ್ಯದ ಸಿಗ್ನಲ್ಲೂ ಹಿಗ್ಗುತ್ತದೆ, ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಗದ್ದಲದ ಕೆಳಗೆ ಮುಳುಗಿದ ನಾಣ್ಯ ಸೆನ್ಸಿಟಿವಿಟಿ ನಂಬರ್ ಏರಿಸಿದ ಮಾತ್ರಕ್ಕೆ ಮೇಲೆ ಬರುವುದಿಲ್ಲ. ನೀವು ಪೂರ್ತಿ ಏರಿಸಿಟ್ಟು ಒದರಾಟ ಕೇಳುತ್ತಾ ನಡೆದರೆ, ಆಳದಿಂದ ಬರುವ ಮೆಲ್ಲನೆಯ, ಎರಡೂ ಕಡೆಯಿಂದ ಬೀಸಿದಾಗ ಒಂದೇ ಥರ ಬರುವ ಆ ಸದ್ದನ್ನು ಕಿವಿ ಗುರುತಿಸುವುದೇ ಇಲ್ಲ.

ಇಳಿಸುವ ಮೊದಲು ಮಾಡಬೇಕಾದದ್ದು ಒಂದಿದೆ. ಮೆಷಿನ್‌ನಲ್ಲಿ ನಾಯ್ಸ್ ಕ್ಯಾನ್ಸಲ್ ಇರುತ್ತದೆ ಅಲ್ವಾ? ಕಾಯಿಲ್ ಅಲ್ಲಾಡಿಸದೆ ಹಿಡಿದು ಒತ್ತಿ. ಅದು ಮಾಡುವುದು ಇಷ್ಟೇ, ಫ್ರೀಕ್ವೆನ್ಸಿಯನ್ನು ತುಸು ಆ ಕಡೆ ಈ ಕಡೆ ಸರಿಸುತ್ತದೆ. ಮನೆ ಕರೆಂಟು 50 ಅಥವಾ 60 ಹರ್ಟ್ಸ್, ಡಿಟೆಕ್ಟರ್ ಓಡುವುದು ಸಾವಿರಾರು ಹರ್ಟ್ಸ್‌ನಲ್ಲಿ, ಇವೆರಡಕ್ಕೆ ಏನು ಸಂಬಂಧ ಅನಿಸಬಹುದು. ಆದರೆ ಆ 50ರ ಗುಣಕಗಳು ಕಿಲೋಹರ್ಟ್ಸ್‌ಗಳವರೆಗೂ ಸಾಲಾಗಿ ಬರುತ್ತವೆ. ಎಲ್‌ಇಡಿ ದೀಪ, ಚಾರ್ಜರ್ ಇವುಗಳ ಒಳಗಿನ ಸ್ವಿಚಿಂಗ್ ಸಪ್ಲೈಗಳಂತೂ ಹತ್ತಾರು ಕಿಲೋಹರ್ಟ್ಸ್‌ನಲ್ಲೇ ಕಿರುಚುತ್ತಿರುತ್ತವೆ. ಅವುಗಳಲ್ಲಿ ಒಂದು ನಿಮ್ಮ ಫ್ರೀಕ್ವೆನ್ಸಿಗೆ ತೀರಾ ಹತ್ತಿರ ಬಂದರೆ, ಎರಡರ ನಡುವಿನ ಕೆಲವೇ ಹರ್ಟ್ಸ್ ವ್ಯತ್ಯಾಸ ಮೆಷಿನ್ನಿಗೆ ನಾಣ್ಯದ ಮೇಲೆ ಕಾಯಿಲ್ ಹಾದುಹೋದ ಹಾಗೆಯೇ ಕಾಣುತ್ತದೆ. ಅದಕ್ಕೇ ಸ್ವಲ್ಪ ಸರಿಸಿದರೂ ಅಷ್ಟು ಫರಕ್ ಬೀಳುವುದು. ಜಾಗ ಬದಲಿಸಿದಾಗಲೆಲ್ಲ ಮತ್ತೆ ಒತ್ತಿ.

ಮಲ್ಟಿಯಲ್ಲಿ ಏನೂ ಕೆಲಸ ಮಾಡದಿದ್ದರೆ ಸಿಂಗಲ್ ಫ್ರೀಕ್ವೆನ್ಸಿಗೆ ಬನ್ನಿ. ಮಲ್ಟಿ ಹಲವು ಕಡೆ ಕಿವಿ ತೆರೆದಿಟ್ಟುಕೊಂಡಿರುತ್ತದೆ, ಗದ್ದಲ ಒಳಗೆ ನುಗ್ಗಲು ಬಾಗಿಲೂ ಜಾಸ್ತಿ. ಯಾವ ಸಿಂಗಲ್ ಅಲ್ಲಿ ಶಾಂತ ಅಂತ ಒಂದೊಂದಾಗಿ ಹಾಕಿ ನೋಡಬೇಕು.

ಕಿವಿಮಾತು:
ಮೇಲಿನದೆಲ್ಲ ಸರಿ. ಆದರೆ ಒದರುವ ಮೆಷಿನ್‌ಗಿಂತ ನನಗೆ ಭಯ ಇರುವುದು ಒದರದೆ ಸುಮ್ಮನಿರುವ ಮೆಷಿನ್ ಮೇಲೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದನ್ನು ತಡೆಯುವ ಸೆಟ್ಟಿಂಗ್), ಫಿಲ್ಟರ್ ಎಲ್ಲ ಸೇರಿ ಗದ್ದಲವನ್ನು ಕಿವಿಗೆ ಬೀಳದ ಹಾಗೆ ಮುಚ್ಚಿಬಿಡುತ್ತವೆ. ಗದ್ದಲ ಮಾತ್ರ ಒಳಗೆ ಇದ್ದೇ ಇರುತ್ತದೆ, ಆಳವನ್ನು ತಿನ್ನುತ್ತಲೇ ಇರುತ್ತದೆ. ಎಲ್ಲ ಶಾಂತವಾಗಿದೆ ಅಂತ ಇಡೀ ಮೈದಾನ ನಡೆದು ಇಲ್ಲಿ ಏನೂ ಇಲ್ಲ ಅಂತ ತೀರ್ಮಾನ ಮಾಡುವುದು ದೊಡ್ಡ ಅನ್ಯಾಯ.

ಪತ್ತೆ ಮಾಡುವುದು ಸುಲಭ. ಜೇಬಿನಲ್ಲಿ ಯಾವಾಗಲೂ ಒಂದೇ ನಾಣ್ಯ ಇಟ್ಟುಕೊಳ್ಳಿ. ಬಯಲಲ್ಲಿ ಕಾಯಿಲ್ ಮುಂದೆ ಅದನ್ನು ಆಡಿಸಿ, ಎಷ್ಟು ದೂರದವರೆಗೆ ಸದ್ದು ಬರುತ್ತದೆ ಅಂತ ಪೈಪಿನ ಮೇಲೆ ಒಂದು ಗುರುತು ಹಾಕಿ. ಗದ್ದಲದ ಜಾಗದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಆಡಿಸಿ. ಮೆಷಿನ್ ಬಾಯಿ ಮುಚ್ಚಿಕೊಂಡಿದ್ದರೂ ದೂರ ಕುಗ್ಗಿದ್ದರೆ ಅಲ್ಲೇ ಗೊತ್ತಾಯಿತು. ಅಂಥ ಕಡೆ ಚಿಕ್ಕ ಕಾಯಿಲ್ ಹಾಕಿ. ಗದ್ದಲವನ್ನು ಕಮ್ಮಿ ಹಿಡಿಯುತ್ತದೆ, ಎಷ್ಟೋ ಸಲ ದೊಡ್ಡದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊತ್ತು ಬದಲಿಸಿಯೂ ನೋಡಿ, ಸಂಜೆ ದೀಪ ಹತ್ತಿದ ಮೇಲೆ ಕೆಟ್ಟದಾಗಿರುವ ಜಾಗ ಬೆಳಿಗ್ಗೆ ಆರಾಮಾಗಿರಬಹುದು.

ಹುಡುಕಾಟ:
ತುಂಬಾ ಥ್ಯಾಂಕ್ಸ್. ಜೇಬಲ್ಲಿರುವ ಫೋನ್, ಪಕ್ಕದಲ್ಲಿ ಹುಡುಕುವ ಗೆಳೆಯನ ಡಿಟೆಕ್ಟರ್, ಇವೂ ಲೆಕ್ಕಕ್ಕೆ ಬರುತ್ತವಾ? ಪಲ್ಸ್ ಇಂಡಕ್ಷನ್ (ಕರೆಂಟನ್ನು ಚಿಕ್ಕ ಚಿಕ್ಕ ಪಲ್ಸ್ ಆಗಿ ಬಿಟ್ಟು ಹುಡುಕುವ) ಮೆಷಿನ್ ತೆಗೆದುಕೊಂಡರೆ ಈ ಕಾಟ ತಪ್ಪುತ್ತದಾ?

ಸರ್ಕ್ಯೂಟ್ ಪ್ರಿಯ:
ಎರಡೂ ಬರುತ್ತವೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಇಲ್ಲವೇ ಬ್ಯಾಗಿನಲ್ಲಿ ದೂರ ಇಡಿ, ನಾಯ್ಸ್ ಕ್ಯಾನ್ಸಲ್ ಒತ್ತುವಾಗಂತೂ ಹತ್ತಿರ ಬೇಡವೇ ಬೇಡ. ಪಿನ್‌ಪಾಯಿಂಟರ್ (ಅಗೆದ ಗುಂಡಿಯಲ್ಲಿ ಹುಡುಕುವ ಚಿಕ್ಕ ಕೈ ಡಿಟೆಕ್ಟರ್) ಕೂಡ ಆಫ್ ಇರಲಿ. ಗೆಳೆಯನ ಮೆಷಿನ್ ಅದೇ ಮಾಡೆಲ್ ಆದರೆ ಇಬ್ಬರೂ ಬೇರೆ ಬೇರೆ ಚಾನೆಲ್ (ತುಸು ಸರಿಸಿದ ಫ್ರೀಕ್ವೆನ್ಸಿ) ಹಾಕಿಕೊಂಡು, ಸದ್ದು ನಿಲ್ಲುವಷ್ಟು ದೂರ ಹೋಗಿ.

ಪಲ್ಸ್ ಇಂಡಕ್ಷನ್ ಇದಕ್ಕೆ ಮದ್ದಲ್ಲ. ಖನಿಜ ತುಂಬಿದ ಮಣ್ಣು, ಉಪ್ಪುನೀರಿನ ಮರಳು, ಅಲ್ಲಿ ಅದರ ಆಟ ಬೇರೆ. ಆದರೆ ಪಲ್ಸ್ ಮುಗಿದ ಮೇಲಿನ ಕ್ಷೀಣ ಸಿಗ್ನಲ್ ಕೇಳಲು ಅದು ತುಂಬಾ ಅಗಲವಾದ ಫ್ರೀಕ್ವೆನ್ಸಿ ಪಟ್ಟಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಮನೆಗಳ ಹತ್ತಿರ ಇನ್ನೂ ಜಾಸ್ತಿ ಒದ್ದಾಡುತ್ತದೆ.

ನೆಲದ ನಂಟು:
ಒಂದು ಮಾತು ಸೇರಿಸುತ್ತೇನೆ. ಮೈದಾನದಲ್ಲಿ ಒಂದೇ ಗೆರೆಯ ಉದ್ದಕ್ಕೂ ಗದ್ದಲ ಬರುತ್ತಿದ್ದರೆ ಕೆಳಗೆ ಕೇಬಲ್ ಹೋಗಿರಬಹುದು. ಅಲ್ಲಿ ಅಗೆಯಬೇಡಿ. ಶುಭ್ರ ಆಕಾಶ ಇದ್ದಾಗಲೂ ಚಟಚಟ ಅಂತ ಲೆಕ್ಕವಿಲ್ಲದೆ ಸಿಡಿಯುತ್ತಿದ್ದರೆ ದೂರದಲ್ಲೆಲ್ಲೋ ಗುಡುಗು ಮಿಂಚು ಇರಬಹುದು, ಆ ಸದ್ದನ್ನು ಕಾಯಿಲ್ ಬಹಳ ದೂರದಿಂದಲೇ ಹಿಡಿಯುತ್ತದೆ. ಮಿಂಚು ಹತ್ತಿರ ಬರುತ್ತಿದೆ ಅನಿಸಿದರೆ ಮೆಷಿನ್ ಮಡಚಿ ಹೊರಡಿ.