ಕ್ರಿಸ್ಟಿ ಮಿಲ್ಲರ್ ಸರಣಿ: ಯಾವ ಕ್ರಮದಲ್ಲಿ ಓದಬೇಕು, ಗುಂಪಿನಲ್ಲಿ ಓದಿಸುವುದು ಹೇಗೆ?

ಪುಟದಂಚು ಕೇಳಿದ್ದು:

ರಾಬಿನ್ ಜೋನ್ಸ್ ಗನ್ ಬರೆದ ಕ್ರಿಸ್ಟಿ ಮಿಲ್ಲರ್ ಕಾದಂಬರಿಗಳನ್ನು (ಹದಿಹರೆಯದ ಅಮೆರಿಕನ್ ಹುಡುಗಿಯೊಬ್ಬಳ ಕಥೆ, ಕ್ರೈಸ್ತ ನಂಬಿಕೆಯ ಹಿನ್ನೆಲೆಯದು) ಒಂದು ಓದುಗುಂಪಿಗೆ ಆರಿಸಿದ್ದೇವೆ. 13ರಿಂದ 16 ವರ್ಷದ ಎಂಟು ಹುಡುಗಿಯರು, ಹದಿನೈದು ದಿನಕ್ಕೊಮ್ಮೆ ಭೇಟಿ, ಪ್ರತಿ ಸಲ ಒಂದೂವರೆ ಗಂಟೆ. ಪುಸ್ತಕ ಇಂಗ್ಲಿಷಿನದು, ಮಾತುಕತೆ ಕನ್ನಡದಲ್ಲಿ. ಕ್ರೈಸ್ತ ಮನೆಯವರೂ ಇದ್ದಾರೆ, ಅಲ್ಲದವರೂ ಇದ್ದಾರೆ.

ಕೆಲವು ಕಡೆ 12 ಪುಸ್ತಕ ಅಂತಿದೆ, ಕೆಲವು ಕಡೆ 4 ಅಂತಿದೆ. ಸಿಯೆರಾ, ಕೇಟಿ ಅನ್ನುವ ಹೆಸರಿನ ಪುಸ್ತಕಗಳೂ ಇದೇ ಸಾಲಿನಲ್ಲಿ ಬರುತ್ತವೆ. ಸರಿಯಾದ ಕ್ರಮ ಯಾವುದು? 13ರ ಹುಡುಗಿಯರಿಗೆ ಕೊಡುವ ಮೊದಲು ದೊಡ್ಡವರು ತಿಳಿದಿರಬೇಕಾದ ವಿಷಯಗಳೇನು? ಗುಂಪಿನಲ್ಲಿ ಓದಿಸಿ ಗೊತ್ತಿರುವವರು ವಿವರವಾಗಿ ಹೇಳಿ, ದಯವಿಟ್ಟು.

ಹಳೆಮುದ್ರಣ ಉತ್ತರಿಸಿದ್ದು:

12 ಅನ್ನುವುದೂ ಸರಿ, 4 ಅನ್ನುವುದೂ ಸರಿ. ಮೂಲದಲ್ಲಿ ಇವು 12 ಬಿಡಿ ಪುಸ್ತಕಗಳು. ಮೊದಲನೆಯದಾದ 'ಸಮ್ಮರ್ ಪ್ರಾಮಿಸ್' 1988ರಲ್ಲಿ ಬಂತು. ಆಮೇಲೆ ಮೂರು ಮೂರನ್ನು ಸೇರಿಸಿ ಹೊಲಿದು ನಾಲ್ಕು ಸಂಪುಟ ಮಾಡಿದರು. ಸಂಪುಟ 1ರಲ್ಲಿ 1ರಿಂದ 3, ಸಂಪುಟ 2ರಲ್ಲಿ 4ರಿಂದ 6, ಸಂಪುಟ 3ರಲ್ಲಿ 7ರಿಂದ 9, ಸಂಪುಟ 4ರಲ್ಲಿ 10ರಿಂದ 12. ಎಡವುವುದು ಇಲ್ಲೇ. 'ವಾಲ್ಯೂಮ್ 2' ಅಂತ ಕಂಡದ್ದನ್ನು ಎರಡನೇ ಪುಸ್ತಕ ಅಂದುಕೊಂಡು ತರಿಸಿದರೆ ಕೈಗೆ ಬರುವುದು ನಾಲ್ಕನೆಯದು. 2 ಮತ್ತು 3 ಬಿಟ್ಟುಹೋಗುತ್ತವೆ. ಕ್ರಿಸ್ಟಿಯ ಮನೆಯವರು ವಿಸ್ಕಾನ್ಸಿನ್ನಿನ ಹೊಲಮನೆ ಬಿಟ್ಟು ಕ್ಯಾಲಿಫೋರ್ನಿಯಾದ ಎಸ್ಕೊಂಡಿಡೊಗೆ ಬರುವುದು, ಕೇಟಿ ಜೊತೆ ಸ್ನೇಹ ಬೆಳೆಯುವುದು ಎಲ್ಲ ಆ ಭಾಗದಲ್ಲೇ ಇದೆ. ಅದಿಲ್ಲದೆ ಮುಂದಿನದು ತಲೆಬುಡ ತಿಳಿಯುವುದಿಲ್ಲ.

ಬಿಡಿ ಪುಸ್ತಕ ತರಿಸುವುದಾದರೆ ಈ ಪಟ್ಟಿ ಇಟ್ಟುಕೊಳ್ಳಿ: 'ಸಮ್ಮರ್ ಪ್ರಾಮಿಸ್', 'ಎ ವಿಸ್ಪರ್ ಆ್ಯಂಡ್ ಎ ವಿಶ್', 'ಯುವರ್ಸ್ ಫಾರೆವರ್', 'ಸರ್‌ಪ್ರೈಸ್ ಎಂಡಿಂಗ್ಸ್', 'ಐಲ್ಯಾಂಡ್ ಡ್ರೀಮರ್', 'ಎ ಹಾರ್ಟ್ ಫುಲ್ ಆಫ್ ಹೋಪ್', 'ಟ್ರೂ ಫ್ರೆಂಡ್ಸ್', 'ಸ್ಟಾರಿ ನೈಟ್', 'ಸೆವೆಂಟೀನ್ ವಿಶಸ್', 'ಎ ಟೈಮ್ ಟು ಚೆರಿಶ್', 'ಸ್ವೀಟ್ ಡ್ರೀಮ್ಸ್', 'ಎ ಪ್ರಾಮಿಸ್ ಈಸ್ ಫಾರೆವರ್'. 3 ಮತ್ತು 12 ಎರಡರ ಹೆಸರಿನಲ್ಲೂ 'ಫಾರೆವರ್' ಇದೆ, ಅದಲು ಬದಲು ಮಾಡಿಕೊಳ್ಳಬೇಡಿ. ಎಂಟು ಜನರ ಗುಂಪಿಗೆ ಸಂಪುಟವೇ ವಾಸಿ. ಎಲ್ಲರ ಪುಟಸಂಖ್ಯೆ ಒಂದೇ ಆಗಿರುತ್ತದೆ. ಬೇರೆ ಬೇರೆ ಮುದ್ರಣ ಬೆರೆತರೆ 'ಇಷ್ಟನೇ ಪುಟ ತೆರೆಯಿರಿ' ಅನ್ನಲು ಬರುವುದಿಲ್ಲ. ಆಗ ಅಧ್ಯಾಯದ ಸಂಖ್ಯೆಯನ್ನೇ ಹಿಡಿದು ಮಾತಾಡಿ.

ಹನ್ನೆರಡು ಮುಗಿದ ಮೇಲಿನ ಕ್ರಮ ಇದು: ಸಿಯೆರಾ ಜೆನ್ಸನ್ ಸರಣಿ (ಇದೂ 12), ಆಮೇಲೆ ಕ್ರಿಸ್ಟಿ ಮತ್ತು ಅವಳು ಮೆಚ್ಚುವ ಹುಡುಗ ಟಾಡ್‌ರ ಕಾಲೇಜು ವರ್ಷಗಳು (3), ಆಮೇಲೆ ಕೇಟಿ ವೆಲ್ಡನ್ (4), ಕೊನೆಗೆ ಕ್ರಿಸ್ಟಿ ಮತ್ತು ಟಾಡ್ ಮದುವೆಯ ನಂತರದವು. ಸಿಯೆರಾ ಮೊದಲು ಕಾಣಿಸಿಕೊಳ್ಳುವುದು ಕ್ರಿಸ್ಟಿಯ 12ನೇ ಪುಸ್ತಕದಲ್ಲಿ, ಇಂಗ್ಲೆಂಡಿನಲ್ಲಿ. ಅವಳ ಸ್ವಂತ ಕಥೆ ಅಲ್ಲಿಂದ ವಾಪಸಾಗುವ ದಾರಿಯಲ್ಲೇ ಶುರು. ಸಿಯೆರಾಳನ್ನು ಹಾರಿ ನೇರ ಕಾಲೇಜು ವರ್ಷಗಳಿಗೆ ಹೋದರೆ, ಪರಿಚಯವಿಲ್ಲದ ನಾಲ್ಕಾರು ಜನ ಏಕಾಏಕಿ ಆಪ್ತರಂತೆ ಮಾತಾಡತೊಡಗುತ್ತಾರೆ.

ಇನ್ನೊಂದು ಎಚ್ಚರಿಕೆ. ಬರೀ 'ಕ್ರಿಸ್ಟಿ' ಅಂತ ಹುಡುಕಿದರೆ ಕ್ಯಾಥರಿನ್ ಮಾರ್ಷಲ್ 1967ರಲ್ಲಿ ಬರೆದ 'ಕ್ರಿಸ್ಟಿ' ಎದುರಾಗುತ್ತದೆ. ಅದು 1912ರಲ್ಲಿ ಅಪಲಾಚಿಯನ್ ಬೆಟ್ಟದ ಶಾಲೆಗೆ ಪಾಠ ಹೇಳಲು ಹೋಗುವ 19ರ ತರುಣಿಯ ಕಥೆ. ಒಳ್ಳೆಯ ಕಾದಂಬರಿಯೇ, ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ರೈಸ್ತ ಕಾದಂಬರಿಗಳಿಗೆ ಕೊಡುವ ಕ್ರಿಸ್ಟಿ ಪ್ರಶಸ್ತಿಯ ಹೆಸರು ಬಂದಿರುವುದೂ ಮಾರ್ಷಲ್ ಪುಸ್ತಕದಿಂದಲೇ. ಹುಡುಕುವಾಗ 'ಮಿಲ್ಲರ್' ಮತ್ತು 'ಗನ್' ಎರಡೂ ಸೇರಿಸಿ.

ಮುನ್ನೋಟ ಉತ್ತರಿಸಿದ್ದು:

ಒಳಗೇನಿದೆ ಅನ್ನುವುದಕ್ಕೆ ಬರುತ್ತೇನೆ. ಕಥೆ ಗೊತ್ತಾಗಬಾರದು ಅನ್ನುವವರು ಈ ಉತ್ತರ ಬಿಟ್ಟು ಮುಂದೆ ಹೋಗಿ. ಗುಂಪು ನಡೆಸುವವರಿಗೆ ಮಾತ್ರ ಗೊತ್ತಿರಲೇಬೇಕು.

ಕೆಟ್ಟ ಬೈಗುಳವಿಲ್ಲ, ಹಸಿಹಸಿ ವರ್ಣನೆಯಿಲ್ಲ. ಹಾಗಂತ ಹೂವಿನಂಥ ಕಥೆ ಅಂದುಕೊಂಡು 13ರವರ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಮೊದಲ ಪುಸ್ತಕದಲ್ಲೇ ಒಂದು ಸಾವಿದೆ. ಬೇಸಿಗೆ ಕಳೆಯಲು ಕ್ರಿಸ್ಟಿ ನ್ಯೂಪೋರ್ಟ್ ಬೀಚಿಗೆ, ಚಿಕ್ಕಮ್ಮ ಮಾರ್ಟಿ ಮತ್ತು ಬಾಬ್ ಮನೆಗೆ ಬರುತ್ತಾಳೆ. ಅಲ್ಲಿನ ಸರ್ಫಿಂಗ್ ಹುಡುಗರಲ್ಲಿ ಶಾನ್ ಅನ್ನುವವನು ಮಾದಕ ವಸ್ತುವಿನ ಅಮಲಿನಲ್ಲಿ ಸಮುದ್ರಕ್ಕಿಳಿದು ಸಾಯುತ್ತಾನೆ. ಅವನಿಂದ ಬಸುರಾದ ಅಲಿಸಾ ಎಂಬ ಹುಡುಗಿಯ ಕಥೆ ಮುಂದೆಯೂ ನಡೆಯುತ್ತದೆ. ಮಗುವನ್ನು ದತ್ತು ಕೊಡುವ ಪ್ರಶ್ನೆ ಬರುತ್ತದೆ. ಇವನ್ನು ಲೇಖಕಿ ಬಣ್ಣ ಹಚ್ಚದೆ, ಹೆದರಿಸದೆ ಬರೆದಿದ್ದಾರೆ, ಸರಣಿಯ ಬಲವೂ ಇದೇ. ಆದರೆ ಮೊದಲ ಭೇಟಿಗೆ ಮುಂಚೆ ಎಂಟೂ ಮನೆಗಳ ಹಿರಿಯರಿಗೆ ಎರಡು ಸಾಲಿನಲ್ಲಿ ಹೇಳಿಬಿಡಿ: ಒಂದು ಸಾವು, ಒಂದು ಮದುವೆಗೆ ಮುಂಚಿನ ಬಸಿರು, ಅಲ್ಲಲ್ಲಿ ಮದ್ಯಪಾನ, ಮತ್ತು ಕ್ರಿಸ್ಟಿ ಯೇಸುವಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಸನ್ನಿವೇಶ. ಕೊನೆಯದನ್ನು ಮುಚ್ಚಿಟ್ಟರೆ ಕ್ರೈಸ್ತರಲ್ಲದ ಮನೆಯವರಿಗೆ ಮೋಸವಾದಂತೆ ಅನ್ನಿಸುತ್ತದೆ, ಹಾಗನ್ನಿಸುವುದು ನ್ಯಾಯವೂ ಹೌದು.

ವಯಸ್ಸಿನ ಲೆಕ್ಕ ಹೀಗಿದೆ. 1ನೇ ಪುಸ್ತಕ ಶುರುವಾಗುವಾಗ ಕ್ರಿಸ್ಟಿಗೆ 14. 5ನೆಯದರಲ್ಲಿ, ಹವಾಯಿಯ ಮಾವಿ ದ್ವೀಪದಲ್ಲಿ, 16. 9ನೆಯದಕ್ಕೆ 17, ಹೆಸರೇ ಹೇಳುತ್ತದೆ. 13ರವರಿಗೆ ಮೊದಲ ಎರಡು ಸಂಪುಟ ಸಾಕು. ಮೂರು ಮತ್ತು ನಾಲ್ಕನೇ ಸಂಪುಟದ ಮುಖ್ಯ ಗೊಂದಲ ಸಂಬಂಧಗಳದ್ದು, ಮುಂದೇನು ಓದುವುದು, ಯಾರ ಜೊತೆ ಬದುಕು ಅನ್ನುವುದು. 15 ದಾಟಿದವರಿಗೆ ಅದು ತಟ್ಟುವಂತೆ ಚಿಕ್ಕವರಿಗೆ ತಟ್ಟುವುದಿಲ್ಲ, ಬೇಸರಪಟ್ಟು ಬಿಡುತ್ತಾರೆ.

ಗಂಡು-ಹೆಣ್ಣಿನ ವಿಷಯದಲ್ಲಿ ಈ ಪುಸ್ತಕಗಳ ನಿಲುವು ಸ್ಪಷ್ಟ: ದೇಹಸಂಬಂಧ ಮದುವೆಯ ನಂತರ, ಮುತ್ತನ್ನು ಕೂಡ ಹಗುರವಾಗಿ ತೆಗೆದುಕೊಳ್ಳಬಾರದು. ಅಮೆರಿಕದ ಇವ್ಯಾಂಜೆಲಿಕಲ್ ಸಭೆಗಳಲ್ಲಿ (ಪ್ರತಿಯೊಬ್ಬರೂ ತಾವೇ ಒಪ್ಪಿ ನಂಬಬೇಕು ಅನ್ನುವ ಕ್ರೈಸ್ತ ಪಂಥದ ಚರ್ಚುಗಳಲ್ಲಿ) ಆ ಕಾಲಕ್ಕೆ ಈ ಮಾತು ಬಲವಾಗುತ್ತಿತ್ತು. 1993ರಲ್ಲಿ 'ಟ್ರೂ ಲವ್ ವೇಟ್ಸ್' ಎಂಬ ಪ್ರತಿಜ್ಞೆಯ ಚಳವಳಿಯೇ ಶುರುವಾಯಿತು. ಅದೇ ಸಭೆಗಳಲ್ಲಿ ಬೆಳೆದ ಎಷ್ಟೋ ಹೆಂಗಸರು ಆ ಬೋಧನೆಯಿಂದ ತಮಗೆ ಅಪರಾಧಭಾವವೇ ಉಳಿಯಿತು ಅಂತ ನಂತರ ಬರೆದರು. ಎರಡನ್ನೂ ಹುಡುಗಿಯರ ಮುಂದಿಡಿ. ಗನ್ ಅವರ ಪರವಾಗಿ ಒಂದು ಮಾತು: ಅಲಿಸಾಳನ್ನು ಅವರು 'ಕೆಟ್ಟುಹೋದವಳು' ಅಂತ ಪಕ್ಕಕ್ಕೆ ತಳ್ಳುವುದಿಲ್ಲ. ಆ ಪುಟಗಳನ್ನು ಗುಂಪಿನಲ್ಲಿ ಜೋರಾಗಿ ಓದಿಸಿ.

ಪುಟದಂಚು:

ಇಬ್ಬರಿಗೂ ವಂದನೆ. ಹಿರಿಯರಿಗೆ ಹೇಳುವ ಎರಡು ಸಾಲು ಹಾಗೇ ಬರೆದುಕೊಂಡೆ. ಒಂದು ಭೇಟಿಗೆ ಎಷ್ಟು ಓದಿಸಬೇಕು? ಕ್ರೈಸ್ತರಲ್ಲದ ಮಕ್ಕಳಿಗೆ ಚರ್ಚಿನ ಪದಗಳು ತೊಡಕಾಗುತ್ತವೆಯೇ?

ನಿಧಾನದ ಓದು ಉತ್ತರಿಸಿದ್ದು:

ಒಂದು ಪುಸ್ತಕಕ್ಕೆ ಎರಡು ಭೇಟಿ. ಹದಿನೈದು ದಿನಕ್ಕೊಮ್ಮೆ ಅಂದರೆ ಒಂದು ಸಂಪುಟಕ್ಕೆ ಆರು ಭೇಟಿ, 12 ವಾರ. ನಾಲ್ಕೂ ಸಂಪುಟಕ್ಕೆ 48 ವಾರವಾಗುತ್ತದೆ. ಆದರೆ ವರ್ಷದ ಲೆಕ್ಕವನ್ನು ಮಕ್ಕಳ ಮುಂದೆ ಈಗಲೇ ಹೇಳಬೇಡಿ. ಮೊದಲ ಸಂಪುಟಕ್ಕೆ ಮಾತ್ರ ಒಪ್ಪಿಸಿ. ಅದು ಮುಗಿದಾಗ ಯಾರು ಮುಂದುವರಿಯುತ್ತಾರೆ ಅಂತ ಕೇಳಿ.

ಪುಸ್ತಕವನ್ನು ಅರ್ಧಕ್ಕೆ ಕತ್ತರಿಸುವ ಜಾಗ ಮುಖ್ಯ. ಪುಟ ಎಣಿಸಿ ನಡುವೆ ನಿಲ್ಲಿಸಬೇಡಿ. ಕ್ರಿಸ್ಟಿ ಏನೋ ನಿರ್ಧರಿಸಬೇಕು, ಇನ್ನೂ ನಿರ್ಧರಿಸಿಲ್ಲ ಅನ್ನುವ ಅಧ್ಯಾಯದ ಕೊನೆಗೆ ನಿಲ್ಲಿಸಿ. ಭೇಟಿಯಲ್ಲಿ ಮೊದಲ ಪ್ರಶ್ನೆ ಅದೇ: ಅವಳೀಗ ಏನು ಮಾಡುತ್ತಾಳೆ, ಯಾಕೆ? ಉತ್ತರಗಳನ್ನು ಚೀಟಿಯಲ್ಲಿ ಬರೆಸಿ ಮಡಚಿಡಿ, ಮುಂದಿನ ಸಲ ತೆರೆಯಿರಿ. ಮುಂದೆ ಓದಿಬಿಟ್ಟವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಚೀಟಿ ಕೊಡಬೇಡಿ, ಎಲ್ಲರ ಚೀಟಿ ಓದಿಹೇಳುವ ಕೆಲಸ ಕೊಡಿ. ಕಥೆ ಒಡೆಯುವುದು ತಪ್ಪುತ್ತದೆ.

ಗುಂಪುಗಳು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಮಾತೆಲ್ಲ ಟಾಡ್ ಮತ್ತು ಕ್ರಿಸ್ಟಿಯನ್ನು ಮೆಚ್ಚುವ ಇನ್ನೊಬ್ಬ ಹುಡುಗ ರಿಕ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಟಾಡ್ ಒಳ್ಳೆಯವನೋ ರಿಕ್ ಒಳ್ಳೆಯವನೋ ಅಂತ ಗುಂಪು ಎರಡಾಗಿ, ಒಂದೂವರೆ ಗಂಟೆ ಮುಗಿದೇಹೋಗುತ್ತದೆ. ಆ ಮಾತಿಗೆ ಹದಿನೈದು ನಿಮಿಷ ಬಿಟ್ಟುಕೊಡಿ, ತಡೆಯಲು ಹೋದರೆ ಇನ್ನೂ ಜಾಸ್ತಿ. ಉಳಿದ ಹೊತ್ತಿಗೆ ಒಂದು ಕೆಲಸ ಇಟ್ಟುಕೊಳ್ಳಿ. ಓದುವಾಗ ಕ್ರಿಸ್ಟಿ ಪ್ರಾರ್ಥಿಸುವ ಜಾಗಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಹಾಕಲಿ, ಅಂಚಿನಲ್ಲಿ ಎರಡೇ ಪದ: ಏನು ಕೇಳಿದಳು, ಏನಾಯಿತು. ಶುರುವಿನ ಪ್ರಾರ್ಥನೆಗಳನ್ನೂ ಹತ್ತನೇ ಪುಸ್ತಕದ ಆಚೆಯವನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಬೇಡಿಕೆ ಬದಲಾಗುತ್ತಾ ಹೋಗುವುದು ಕಾಣುತ್ತದೆ. ಸರಣಿಯ ನಿಜವಾದ ಕಥೆ ಅದೇ ಅಂತ ನನ್ನ ಬಲವಾದ ಅಭಿಪ್ರಾಯ. ಟಾಡ್ ಸಿಕ್ಕನೇ ಬಿಟ್ಟನೇ ಅನ್ನುವುದನ್ನಷ್ಟೇ ಹಿಡಿದು ಓಡಿದವರಿಗೆ ಹನ್ನೆರಡೂ ಪುಸ್ತಕ ಒಂದೇ ಥರ ಕಾಣುತ್ತವೆ.

ಪದಗಳ ವಿಷಯ. ದೊಡ್ಡ ತೊಡಕು ಒಂದೇ. ಕ್ರಿಸ್ಟಿ ಹುಟ್ಟಿದ್ದೇ ಚರ್ಚಿಗೆ ಹೋಗುವ ಮನೆಯಲ್ಲಿ. ಹಾಗಿದ್ದೂ ಆ ಬೇಸಿಗೆಯಲ್ಲಿ ಅವಳು 'ಕ್ರೈಸ್ತಳಾಗುತ್ತಾಳೆ' ಅಂದರೆ ಏನರ್ಥ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇವ್ಯಾಂಜೆಲಿಕಲ್ ಪಂಥದಲ್ಲಿ ಹುಟ್ಟಿನಿಂದ ಯಾರೂ ಕ್ರೈಸ್ತರಲ್ಲ, ಪ್ರತಿಯೊಬ್ಬರೂ ತಾವೇ ಮನಸಾರೆ ಒಪ್ಪಿಕೊಳ್ಳಬೇಕು, ಅದನ್ನೇ 'ಹೊಸದಾಗಿ ಹುಟ್ಟುವುದು', 'ರಕ್ಷಣೆ ಹೊಂದುವುದು' ಅನ್ನುತ್ತಾರೆ ಅಂತ ಮೊದಲೇ ವಿವರಿಸಿ. ಮಗುವಿಗೇ ದೀಕ್ಷಾಸ್ನಾನ ಕೊಡುವ ಕ್ಯಾಥೊಲಿಕ್ ಮುಂತಾದ ಸಭೆಗಳ ಮಕ್ಕಳಿಗೂ ಇದು ಹೊಸದಾಗಿ ಕೇಳಿಸಬಹುದು. ಗುಂಪಿನ ಮಾತಿಗೆ ಒಂದೇ ಕಟ್ಟಳೆ ಸಾಕು: 'ಕ್ರಿಸ್ಟಿ ಏನು ನಂಬುತ್ತಾಳೆ' ಅಂತ ಮಾತಾಡೋಣ, 'ನೀನು ಏನು ನಂಬಬೇಕು' ಅಂತ ಬೇಡ. ಆ ಕಟ್ಟಳೆ ಮುರಿದರೆ ಅರ್ಧ ಗುಂಪು ಬಾಯಿ ಮುಚ್ಚಿಕೊಳ್ಳುತ್ತದೆ.

ಬೈಬಲ್ಲಿನ ವಚನ ಬಂದಾಗ ನೀವೇ ಅನುವಾದ ಮಾಡಬೇಡಿ. ಸತ್ಯವೇದ, ಅಂದರೆ ಕನ್ನಡ ಬೈಬಲ್ ತೆರೆದು ಅಲ್ಲಿಂದಲೇ ಓದಿಸಿ. ಅದರೊಳಗಿನ ಪುಸ್ತಕಗಳ ಹೆಸರು ಬೇರೆ: ಸಾಮ್ಸ್ ಅಂದರೆ ಕೀರ್ತನೆಗಳು, ಪ್ರಾವರ್ಬ್ಸ್ ಅಂದರೆ ಜ್ಞಾನೋಕ್ತಿಗಳು, ನಂಬರ್ಸ್ ಅಂದರೆ ಅರಣ್ಯಕಾಂಡ. ಟಾಡ್ ಕ್ರಿಸ್ಟಿಯ ಹಣೆಯ ಮೇಲೆ ಕೈಯಿಟ್ಟು ಹೇಳುವ ಆಶೀರ್ವಾದ ಅರಣ್ಯಕಾಂಡ 6:24–26. ಇಂಗ್ಲಿಷಿನಲ್ಲಿ ಅದು ಮೃದುವಾಗಿ ಹರಿದುಹೋಗುತ್ತದೆ, ಕನ್ನಡದಲ್ಲಿ ಓದಿದಾಗ ಅದರ ತೂಕ ತಿಳಿಯುತ್ತದೆ. ಅವನು ಅವಳನ್ನು 'ಕಿಲಿಕಿನಾ' ಅಂತ ಕರೆಯುವುದು ಅವಳ ಹೆಸರಿನ ಹವಾಯಿ ರೂಪ. ಬೇರೆ ಯಾರದೋ ಹೆಸರು ಅಂತ ಮಕ್ಕಳು ಗಲಿಬಿಲಿಯಾಗುತ್ತಾರೆ, ಮೊದಲೇ ಹೇಳಿಬಿಡಿ.

ಮುನ್ನೋಟ:

ಮೇಲಿನದಕ್ಕೆ ಒಂದು ಸೇರ್ಪಡೆ. ಕಾಲದ ಅಂತರವನ್ನೂ ವಿವರಿಸಬೇಕಾಗುತ್ತದೆ. ಮೊಬೈಲ್ ಇಲ್ಲದ ದಿನಗಳು. ಟಾಡ್ ಇರುವುದು ನ್ಯೂಪೋರ್ಟ್ ಬೀಚಿನಲ್ಲಿ, ಕ್ರಿಸ್ಟಿ ಎಸ್ಕೊಂಡಿಡೊದಲ್ಲಿ. ಕಾರಿನಲ್ಲಿ ಒಂದು ಗಂಟೆಗೂ ಮೀರಿದ ದಾರಿ. ಕ್ಯಾಲಿಫೋರ್ನಿಯಾದಲ್ಲಿ 16 ತುಂಬದೆ ಲೈಸೆನ್ಸ್ ಸಿಗುವುದಿಲ್ಲ. ಮನೆಯ ಒಂದೇ ಫೋನು, ದೂರದ ಕರೆಗೆ ಹೆಚ್ಚಿನ ದರ. ಇದು ತಿಳಿಯದಿದ್ದರೆ 'ಒಂದು ಮೆಸೇಜ್ ಹಾಕಿದ್ದರೆ ಮುಗಿದಿತ್ತಲ್ಲ' ಅಂತ ಅರ್ಧ ಕಥೆ ಸಡಿಲವಾಗಿ ಕಾಣುತ್ತದೆ.

ಮೂರನೇ ಸಾಲು ಉತ್ತರಿಸಿದ್ದು:

ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಗುಂಪಿನಲ್ಲಿ 16ರವರೇ ಹೆಚ್ಚಿದ್ದರೆ ಸಿಯೆರಾಳಿಂದಲೇ ಶುರು ಮಾಡಬಹುದು. ಕ್ರಿಸ್ಟಿ ಹಿಂಜರಿಯುವ ಸ್ವಭಾವದವಳು, ಸಿಯೆರಾ ನೇರ ಮಾತಿನವಳು. ಅವಳ ಮನೆಯವರು ಒರೆಗಾನಿನ ಪೋರ್ಟ್‌ಲ್ಯಾಂಡಿಗೆ ಬಂದು, ನೆನಪು ಕೈಕೊಡುತ್ತಿರುವ ಅಜ್ಜಿ ಗ್ರಾನಾ ಮೇ ಜೊತೆ ಇರುತ್ತಾರೆ. ಆ ಅಜ್ಜಿಯ ಭಾಗಗಳು ಈ ಎಲ್ಲ ಪುಸ್ತಕಗಳಲ್ಲೇ ಅತ್ಯಂತ ಚೆನ್ನಾಗಿ ಬಂದಿವೆ ಅನ್ನುತ್ತೇನೆ.

ದಿನಚರಿ ಶೈಲಿ ಬೇಕು ಅನ್ನುವವರಿಗೆ ಮೆಲಡಿ ಕಾರ್ಲ್‌ಸನ್ ಅವರ 'ಡೈರಿ ಆಫ್ ಎ ಟೀನೇಜ್ ಗರ್ಲ್' ಇದೆ. ಒಟ್ಟು 16: ಕೇಟ್ಲಿನ್ 5, ಕ್ಲೋಯಿ 4, ಕಿಮ್ 4, ಮಾಯಾ 3. ಮೊದಲನೆಯದು 2000ದ 'ಬಿಕಮಿಂಗ್ ಮಿ'. ಇಲ್ಲಿ ನಾಲ್ವರು ಹುಡುಗಿಯರಿರುವುದರಿಂದ ಒಬ್ಬಳ ಪುಸ್ತಕಗಳನ್ನು ಮುಗಿಸಿ ನಿಲ್ಲಿಸಿದರೂ ಕಥೆ ತುಂಡಾಗುವುದಿಲ್ಲ. 48 ವಾರ ಕಷ್ಟ ಅನ್ನಿಸಿದರೆ ಕಿಮ್‌ಳ ನಾಲ್ಕನ್ನು ಮಾತ್ರ ತೆಗೆದುಕೊಳ್ಳಿ. ಅವಳು ಕೊರಿಯಾದಲ್ಲಿ ಹುಟ್ಟಿ ಅಮೆರಿಕದ ಮನೆಗೆ ದತ್ತು ಬಂದವಳು, ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾಳೆ. ಆ ಪ್ರಶ್ನೆಗಳನ್ನು ಓದಿಸಿ, ಅವಳ ಉತ್ತರ ಮುಚ್ಚಿಟ್ಟು, ಮಕ್ಕಳೇ ಮೊದಲು ಉತ್ತರ ಬರೆಯಲಿ. ಒಂದೂವರೆ ಗಂಟೆಗೆ ಎರಡು ಪ್ರಶ್ನೆಗಿಂತ ಹೆಚ್ಚು ತೆಗೆದುಕೊಳ್ಳಬೇಡಿ.

ಪುಟದಂಚು:

ತೀರ್ಮಾನವಾಯಿತು. ಸಂಪುಟ 1, ಆರು ಭೇಟಿ, ಎಂಟು ಪ್ರತಿ, ಎಲ್ಲ ಒಂದೇ ಮುದ್ರಣ. ಪೆನ್ಸಿಲ್ ಗೆರೆಯ ಕೆಲಸ ಮೊದಲ ಭೇಟಿಯಿಂದಲೇ. ಶಾನ್ ಸಾಯುವ ಅಧ್ಯಾಯವನ್ನು ಮನೆಯಲ್ಲಿ ಒಬ್ಬೊಬ್ಬರೇ ಓದಲಿ ಅಂತ ಬಿಡಬೇಕೋ, ಒಟ್ಟಿಗೆ ಕೂತು ಓದಬೇಕೋ?

ನಿಧಾನದ ಓದು:

ಒಟ್ಟಿಗೆ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ, ಚೀಟಿಯೂ ಬೇಡ. ನೀವೇ ಓದಿ, ಅಧ್ಯಾಯ ಮುಗಿದ ಮೇಲೆ ಯಾರಾದರೂ ತಾವಾಗಿ ಮಾತು ತೆಗೆಯುವವರೆಗೆ ಕಾಯಿರಿ.