ಎಲೆಕ್ಟ್ರಾನಿಕ್ಸ್‌ನವರು ಡಿಸೈನ್ ಮೈನರ್ ತಗೊಳ್ಳಬಹುದಾ?

ಪಡುಬಿದ್ರಿ_ಪೋರ: ಉಡುಪಿ ಹತ್ತಿರ ಎಲೆಕ್ಟ್ರಾನಿಕ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಡಿಗ್ರಿ ಜೊತೆಗೆ ಇಂಜಿನಿಯರಿಂಗ್ ಡಿಸೈನ್ ಮೈನರ್ (ಹೆಚ್ಚುವರಿ ಉಪವಿಷಯ) ತಗೊಳ್ಳುವ ಯೋಚನೆ ಇದೆ. ಮನೆಯಲ್ಲಿ ಸುಮ್ನೆ ಯಾಕೆ ಹೊರೆ ಅಂತಾರೆ. ಮೆಕ್ಯಾನಿಕಲ್‌ನವರಿಗೆ ಮಾತ್ರ ಉಪಯೋಗವಾ?

ಬಜ್ಪೆ_ಬೋಲ್ಟ್: ಕೋಡಿಂಗ್ ಕೆಲಸವೇ ಗುರಿ ಅಂದರೆ ಬೇಡ ಮಾರಾಯ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಲೆಕ್ಕದಲ್ಲಿ ಡಿಗ್ರಿಯ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್. ಇಂಟರ್ನಲ್ಸ್ ಬಂದಾಗ ಗೊತ್ತಾಗುತ್ತದೆ.

ಸುರತ್ಕಲ್_ಅಕ್ಕ: ಮೆಕ್ಯಾನಿಕಲ್‌ಗೆ ಮಾತ್ರ ಅಲ್ಲ. ಬೈಕಂಪಾಡಿ ಕಡೆ ಡಿಸೈನ್ ಕೆಲಸ ಮಾಡುತ್ತೇನೆ, ದಿನಾ ನೋಡುತ್ತೇನೆ. ಎಲೆಕ್ಟ್ರಾನಿಕ್ಸ್‌ನವರು ಬೋರ್ಡ್ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಅದನ್ನು ಕೂರಿಸುವ ಡಬ್ಬಿಯೊಳಗೆ ಸ್ಕ್ರೂಡ್ರೈವರ್ ಹೋಗಲು ಜಾಗವೇ ಇರುವುದಿಲ್ಲ! ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದನ್ನು ಕಲಿತರೆ ತಲೆ ಬೇರೆ ಥರ ಓಡುತ್ತದೆ. ಡ್ರಾಯಿಂಗ್‌ನಲ್ಲಿ 20 ಮಿ.ಮೀ. ತೂತಿಗೆ ಎಚ್7 ಅಂತ ಟಾಲರೆನ್ಸ್ ಗುರುತು ಬರೆದರೆ ಅದು 20.000ರಿಂದ 20.021ರೊಳಗೆ ಬರಬೇಕು, ಅದಕ್ಕೆ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಬೇಕು, ಖರ್ಚು ಜಾಸ್ತಿ. ಬೋಲ್ಟ್ ಸುಮ್ನೆ ದಾಟಿ ಹೋಗುವ ತೂತಿಗೂ ಎಚ್7 ಕೊಟ್ಟರೆ ವರ್ಕ್‌ಶಾಪಿನವರು ಬೈಯುತ್ತಾರೆ, ಬೈಯಲೇಬೇಕು. ಮಲ್ಪೆಯ ಬೋಟಿನಲ್ಲಿ ಇಡುವ ಸೆನ್ಸರ್ ಅಂದುಕೋ. ಉಪ್ಪು ಗಾಳಿಗೆ 304 ಸ್ಟೇನ್‌ಲೆಸ್ ಸ್ಕ್ರೂ ಸಾಕಾ, ತುಕ್ಕು ಇನ್ನೂ ಚೆನ್ನಾಗಿ ತಡೆಯುವ 316 ಬೇಕಾ? ಇಂಥದ್ದೆಲ್ಲ ಸರ್ಕ್ಯೂಟ್ ಪುಸ್ತಕದಲ್ಲಿ ಸಿಗುವುದಿಲ್ಲ ಅಲ್ವಾ.

ಪಡುಬಿದ್ರಿ_ಪೋರ: ಅಕ್ಕ, ಮುಂದೆ ಎಂ.ಡಿಸೈನ್ (ಡಿಸೈನ್‌ನಲ್ಲಿ ಮಾಸ್ಟರ್ಸ್) ಮಾಡಬೇಕಾದರೆ ಮೈನರ್ ಕಡ್ಡಾಯವಾ?

ಸುರತ್ಕಲ್_ಅಕ್ಕ: ಇಲ್ಲ. ಅದರ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಸೀಡ್ (CEED) ಪರೀಕ್ಷೆಯನ್ನು ಯಾವ ಬ್ರಾಂಚಿನವರೂ ಬರೆಯಬಹುದು. ಅದಕ್ಕೆ ಈಗಲೇ ಸ್ಕೆಚ್ ಹಾಕಲು ಶುರು ಮಾಡು. ಮೈನರ್‌ಗೆ ಹೆಸರು ಕೊಡುವ ಮೊದಲು ಸೀನಿಯರ್‌ಗಳ ಹತ್ತಿರ ಅವರು ಮಾಡಿದ ಪ್ರಾಜೆಕ್ಟ್ ತೋರಿಸಲು ಹೇಳು. ಬರೀ ಪಿಪಿಟಿ ತೋರಿಸಿದರೆ ಬಿಟ್ಟುಬಿಡು.